ಕೆಳಗಿಡಲಾಗದ ಪಟ

ಲಾರೆಲ್ ಎಲೆಯ ವಾಸನೆ, ಅಡುಗೆಮನೆಯಲ್ಲಿ ಬೇಳೆ ಬೇಯುತ್ತಿರಬೇಕು ಎಂದುಕೊಂಡಳು ಸೆಕುಂದಿನಾ, ಆದರೆ ಇಷ್ಟು ಬೆಳಿಗ್ಗೆ ಬೇಳೆಗೆ ಯಾರು ಎಸರಿಡುತ್ತಾರೆ, ಅದೂ ವಾಸನೆ ಬರುತ್ತಿರುವುದು ಅಡುಗೆಮನೆಯ ಕಡೆಯಿಂದಲ್ಲ, ದೊಡ್ಡ ಹಜಾರದ ಕಡೆಯಿಂದ, ದಾರಿಯಲ್ಲಿ ಬಾಡಿ ಮತ್ತೆ ನೀರು ಚಿಮುಕಿಸಿಕೊಂಡ ಎಲೆಯ ವಾಸನೆ ಅದು — ಸಾವಾ ನದಿಯಿಂದ ಎದ್ದ ಮಂಜು ಕಿಟಕಿಯ ತನಕ ಬಂದು ನಿಂತಿದೆ, ಅವಳ ತಲೆ ಬಾಚುತ್ತಿದ್ದ ಕೆಲಸದ ಮುದುಕಿ ಬಾಚಣಿಗೆಯನ್ನು ಕೂದಲಲ್ಲೇ ಬಿಟ್ಟು ಬಾಗಿಲ ಕಡೆ ನೋಡುತ್ತಿದ್ದಾಳೆ. ಏನೇ ಅದು. ಪಟ ಬಂದಿದೆಯಂತೆ ಅಮ್ಮಾವ್ರೆ. ಯಾರದು. ಮುದುಕಿ ಹೇಳಬೇಕಾಗಿಯೇ ಇರಲಿಲ್ಲ, ಸಿರ್ಮಿಯಂ ಅರಮನೆಗೆ ಎಲೆಯ ಮಾಲೆ ತೊಟ್ಟ ಪಟ ಬರುವುದು ಒಂದೇ ಕಾರಣಕ್ಕೆ, ಎಲ್ಲೋ ಒಬ್ಬ ಹೊಸ ದೊರೆ ಎದ್ದಿದ್ದಾನೆ, ನನ್ನನ್ನು ನಿಮ್ಮ ಜೊತೆಯವನೆಂದು ಒಪ್ಪಿಕೊಳ್ಳಿ ಎಂದು ತನ್ನ ಮುಖ ಬರೆಸಿ ಕಳಿಸಿದ್ದಾನೆ, ಒಪ್ಪಿದರೆ ಅದು ಗೋಡೆಗೆ, ಒಪ್ಪದಿದ್ದರೆ ಬೆಂಕಿಗೆ, ಬೆಂಕಿ ಎಂದರೆ ಯುದ್ಧ. ಗಾಲ್ ದೇಶದ ಟ್ರೆವೆರಿಯಲ್ಲಿ ಪಡುವಣದ ಹಿರಿಯ ದೊರೆ ತೀರಿಕೊಂಡ ಸುದ್ದಿ ಬಂದು ಇನ್ನೂ ಸೂತಕದ ಬಟ್ಟೆ ಕಳಚಿಲ್ಲ, ಅವನ ಸೈನಿಕರು ಅವನ ಮಗನಿಗೇ ದೊರೆತನದ ನೇರಳೆ ಮೇಲುವಸ್ತ್ರ ಹೊದಿಸಿಬಿಟ್ಟರೆಂದು ಸಂತೆಯ ಹೆಂಗಸರೂ ಆಡಿಕೊಳ್ಳುತ್ತಿದ್ದರು, ಹಾಗಾದರೆ ಇದು ವಿತಾಲಿಸನ ಪಟ, ನನ್ನ ವಿತಾಲಿಸ್, ಎಂದುಕೊಂಡಳು, ಎಂದುಕೊಂಡ ಮರುಗಳಿಗೆ ಆ ನನ್ನ ಎಂಬುದನ್ನು ನುಂಗಿಕೊಂಡಳು, ಮುದುಕಿಗೆ ಕೇಳಿಸಿತೇನೋ ಎಂಬಂತೆ. ಬಾಚೇ, ನಿಂತ್ಕೊಂಡ್ರೆ ಜಡೆ ತಾನಾಗೇ ಹೆಣ್ಕೊಳ್ಳುತ್ತಾ. ಮುದುಕಿ ಮತ್ತೆ ಬಾಚತೊಡಗಿದಳು.

ಒಂದೇ ಸಾಮ್ರಾಜ್ಯಕ್ಕೆ ನಾಲ್ಕು ಜನ ದೊರೆಗಳು, ಇಬ್ಬರು ಹಿರಿಯರು ಇಬ್ಬರು ಕಿರಿಯರು, ಹಿರಿಯ ಹೋದರೆ ಅವನ ಕಿರಿಯ ಮೇಲೇರುತ್ತಾನೆ, ಖಾಲಿಯಾದ ಜಾಗಕ್ಕೆ ಉಳಿದ ಹಿರಿಯ ತಕ್ಕವನನ್ನು ಆರಿಸುತ್ತಾನೆ, ಮಗ ಎಂಬ ಒಂದೇ ಕಾರಣಕ್ಕೆ ಯಾರೂ ಏರಕೂಡದು — ಮೂಡಣದ ಹಿರಿಯ ದೊರೆಯಾದ ಅವಳ ಗಂಡ ಡಾಸಿಯಸ್ ಮತ್ತು ಈಗ ಸತ್ತ ಆ ಪಡುವಣದವನು ಕೂತು ಕಟ್ಟಿದ ಏರ್ಪಾಡು ಇದು, ಕಟ್ಟುವಾಗ ಇಬ್ಬರೂ ಬಟ್ಟಲು ಬಟ್ಟಲು ದ್ರಾಕ್ಷಾರಸ ಇಳಿಸಿದ್ದರು. ಒಬ್ಬನೇ ದೊರೆ ಆದ್ರೆ ಒಂದು ಚಾಕು ಸಾಕು ಕಣೆ, ನಾಲ್ಕು ಜನ ಇದ್ರೆ ನಾಲ್ಕು ಊರಲ್ಲಿ ನಾಲ್ಕು ಚಾಕು ಒಂದೇ ದಿನ ಏಳ್ಬೇಕು, ಕೊಲೆಗಾರರಲ್ಲಿ ಅಷ್ಟು ಒಗ್ಗಟ್ಟು ಎಲ್ಲಿಂದ ಬರ್ಬೇಕು ಹೇಳು, ಎಂದು ಹೊಟ್ಟೆ ಕುಣಿಸಿ ನಕ್ಕಿದ್ದ, ನಗುವವನಿಗೆ ನಗುವ ಹಕ್ಕಿತ್ತು, ಕಾವಲಿನವನಾಗಿದ್ದಾಗ ಡೇರೆಯೊಳಗೆ ಹೋಗಿ ದೊರೆಗಳ ಹೆಣ ಎತ್ತಿದವನು ಅವನು, ಕೊಂದವರು ಪ್ರತಿಸಲವೂ ಆಪ್ತರೇ. ಏರ್ಪಾಡು ಚೆನ್ನಾಗಿತ್ತು, ಆದರೆ ನಾಲ್ಕು ಕಲ್ಲು ಒಂದರ ಮೇಲೊಂದು ನಿಲ್ಲಬೇಕಾದರೆ ನಡುವೆ ಗಾರೆ ಬೇಕಲ್ಲ, ಗಾರೆಗೆ ಹೆಣ್ಣುಮಕ್ಕಳು, ಅವಳ ಒಬ್ಬಳೇ ಮಗಳು ಉರ್ಸಿನಾಳನ್ನು ಇಟಲಿಯ ಕಿರಿಯ ದೊರೆ ಸೆರ್ವಾಟಸನಿಗೆ ಕೊಟ್ಟರು, ಒಳ್ಳೆಯವನು, ನಿಧಾನಸ್ಥ, ಮಾತಾಡುವ ಮುಂಚೆ ಮೂರು ಸಲ ಗಂಟಲು ಸರಿಮಾಡಿಕೊಳ್ಳುವವನು, ಅವನ ಮೊದಲ ಹೆಂಡತಿಯನ್ನು ಅದಕ್ಕಾಗಿ ಬಿಡಿಸಿದರು, ಆ ಹೆಂಗಸು ಎಲ್ಲಿ ಹೋದಳೋ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹೆಣ್ಣುಮಕ್ಕಳು ಗಾರೆಗೆ, ಗಂಡುಮಕ್ಕಳು ಒತ್ತೆಗೆ, ಪಡುವಣದವನು ತನ್ನ ಮಗನನ್ನು ಒತ್ತೆಯಾಗಿ ಇಲ್ಲಿ ಕಳಿಸಿದ, ಹಾಲುಹಲ್ಲು ಬೀಳುವ ವಯಸ್ಸು, ಹೇಸರಗತ್ತೆಯ ಮೇಲೆ ಕೂತು ಬಂದ, ಬಂದ ಮೇಲೆ ಎಷ್ಟೋ ದಿನ ಚಪ್ಪಲಿ ಕಳಚದೆ ಮಲಗುತ್ತಿದ್ದ. ಯಾಕೋ ಮಗಾ. ಕರೆಯೋಕೆ ಬಂದ್ರೆ ತಡ ಆಗ್ಬಾರ್ದಲ್ಲ ಅಮ್ಮ. ಕರೆಯಲು ಯಾರೂ ಬರಲಿಲ್ಲ, ಒಂದು ದಿನ ತಾನೇ ಚಪ್ಪಲಿ ಕಳಚಿ ಮಂಚದ ಕೆಳಗೆ ಜೋಡಿಸಿಟ್ಟ, ಅವತ್ತು ಅವಳಿಗೆ ಅಳು ಬಂದಿತ್ತು, ಅಪ್ಪ ಅವನನ್ನು ತನ್ನ ಸೈನ್ಯಕ್ಕೆ ಕರೆಸಿಕೊಂಡಿದ್ದು ಅವನು ಬೆಳೆದು ದೊಡ್ಡವನಾದ ಮೇಲೆಯೇ. ಈಗ ಸತ್ತವನ ಜಾಗಕ್ಕೆ ಏರಬೇಕಾದವನು ಸೆರ್ವಾಟಸ್, ಉರ್ಸಿನಾಳ ಗಂಡ, ಆ ಜಾಗವೇ ನನ್ನದು ಎಂದು ಪಟ ಕಳಿಸಿದವನು ವಿತಾಲಿಸ್, ಒಬ್ಬಳು ಹೆತ್ತ ಮಗಳು ಒಬ್ಬ ಸಾಕಿದ ಮಗ, ನಡುವೆ ಇರುವುದು ಆಲ್ಪ್ಸ್ ಬೆಟ್ಟ ಒಂದೇ.

ಹಜಾರದ ಮೇಲ್ಮಾಳಿಗೆಯಲ್ಲಿ ಹೆಂಗಸರು ನಿಂತು ನೋಡುವ ಜಾಲಂಧ್ರವಿದೆ, ಅಲ್ಲಿಗೆ ಬಂದು ನಿಂತಳು, ಕಬ್ಬಿಣ ತಣ್ಣಗೆ ಹಣೆಗೆ ತಾಗಿತು. ಕೆಳಗೆ ಅಷ್ಟು ದೊಡ್ಡ ಹಜಾರದ ನಟ್ಟನಡುವೆ ಒಬ್ಬನೇ ಒಬ್ಬ ಸೈನಿಕ, ಮೊಣಕಾಲ ತನಕ ಕೆಸರು, ಎರಡೂ ಕೈಯಲ್ಲಿ ಎದೆಯ ಮುಂದೆ ಹಲಗೆಯ ಪಟ, ಅವನ ಸುತ್ತ ಸುತ್ತುತ್ತಿದ್ದಾನೆ ಅರಮನೆಯ ಕಾರುಬಾರಿ ಹೆಸ್ಪೆರಸ್, ಎಣ್ಣೆ ಹಚ್ಚಿದ ತಲೆ ಬೆವರುತ್ತಿದೆ. ಏನ್ಮಾಡ್ಲಿ ನಾನು, ಏನ್ಮಾಡ್ಲಿ, ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ, ಅವನ ಕಷ್ಟ ಸುಳ್ಳೇನಲ್ಲ, ಪಟವನ್ನು ನೆಲಕ್ಕಿಟ್ಟರೆ ದೊರೆಯ ಮುಖ ನೆಲಕ್ಕೆ ತಾಗಿಸಿದ ಹಾಗೆ, ನಾಳೆ ಒಪ್ಪಿಗೆಯಾದರೆ ಇಟ್ಟವನ ತಲೆ ಹೋಗುತ್ತದೆ, ಗೋಡೆಗೇರಿಸಿದರೆ ಇಲ್ಲದ ದೊರೆಯನ್ನು ದೊರೆ ಮಾಡಿದ ಹಾಗೆ, ಒಪ್ಪಿಗೆಯಾಗದಿದ್ದರೆ ಏರಿಸಿದವನ ತಲೆ ಹೋಗುತ್ತದೆ, ಸೈನಿಕನ ಕೈಯಿಂದ ಇನ್ನೊಬ್ಬ ತೆಗೆದುಕೊಂಡರೆ ಅರಮನೆ ಸ್ವೀಕರಿಸಿತು ಎಂದಾಗುತ್ತದೆ, ಹಾಗಾಗಿ ದೊಡ್ಡ ದೊರೆ ಒಂದು ಮಾತು ಆಡುವ ತನಕ ಆ ಮುಖ ಗಾಳಿಯಲ್ಲೇ ಇರಬೇಕು, ಹೊತ್ತವನು ನಿಂತೇ ಇರಬೇಕು. ಆಸ್ಥಾನದವರೋ, ಪಟದ ಮುಂದೆ ಹಾದರೆ ಬಗ್ಗಬೇಕೋ ಬಗ್ಗಬಾರದೋ ಗೊತ್ತಿಲ್ಲದೆ ಬೆಳಗಿನಿಂದ ಯಾರೂ ಹಜಾರಕ್ಕೆ ಕಾಲಿಟ್ಟಿಲ್ಲ, ಖಜಾನೆಯ ಮುದುಕರು, ಮಂಡಿನೋವಿನವರು, ದೇಶಕ್ಕೆ ಕಾನೂನು ಬರೆಯುವವರು, ಎಲ್ಲರೂ ಅಡುಗೆಮನೆಯ ಹಿತ್ತಿಲಿನಿಂದ ಸುತ್ತಿಕೊಂಡು ಕೋಳಿಗಳ ನಡುವೆ ನಿಲುವಂಗಿ ಎತ್ತಿಕೊಂಡು ಓಡಾಡುತ್ತಿದ್ದಾರಂತೆ. ಅವಳಿಗೆ ನಗು ಬಂತು, ನಗು ಬರುವ ಹೊತ್ತೇ ಇದು, ಕೆಳಗೆ ಆ ಸೈನಿಕನ ತೋಳು ನಡುಗುತ್ತಿರುವುದು ಇಲ್ಲಿಗೇ ಕಾಣುತ್ತಿದೆ. ನೀರಿನ ಬಟ್ಟಲು ಹಿಡಿದು ತಾನೇ ಮೆಟ್ಟಿಲಿಳಿದಳು, ದೊರೆಯ ಹೆಂಡತಿ ನೀರು ಹೊರುವುದು ಯಾವ ಕಟ್ಟಳೆಯಲ್ಲೂ ಇಲ್ಲ, ಹೊರಬಾರದು ಎಂದೂ ಯಾವ ಕಟ್ಟಳೆಯಲ್ಲೂ ಬರೆದಿಲ್ಲ.

ಬಟ್ಟಲನ್ನು ಅವಳೇ ಅವನ ಬಾಯಿಗೆ ಹಿಡಿದಳು, ಅವನು ಕುಡಿದ, ಗದ್ದದಿಂದ ಇಳಿದ ನೀರು ಪಟಕ್ಕೆ ತಾಗದ ಹಾಗೆ ಕತ್ತು ಕೊಂಕಿಸಿಕೊಂಡು ಕುಡಿದ. ಹೆಸರೇನಪ್ಪ. ಮಾಟೂರಸ್ ಅಂತ ಅಮ್ಮಾವ್ರೆ. ಎಷ್ಟೊತ್ತಿಂದ ನಿಂತಿದೀಯ. ಇಡಬೇಡ ಬಿಡಬೇಡ ಯಾರ ಕೈಗೂ ಕೊಡಬೇಡ ಅಂದ್ರು ಅಮ್ಮಾವ್ರೆ, ಎಷ್ಟೊತ್ತು ಅಂತ ಯಾರೂ ಹೇಳ್ಲಿಲ್ಲ, ತೋಳು ಹೋದ್ರೆ ಹೋಗ್ಲಿ, ಮೂಗು ಕೆರೀತಿದೆ ನೋಡಿ, ಅದು ತಡೆಯಕ್ಕಾಗ್ತಿಲ್ಲ. ಅವಳು ತನ್ನ ಸೆರಗಿನ ಅಂಚಿನಿಂದ ಅವನ ಮೂಗುಜ್ಜಿದಳು, ದೇಶದ ದೊಡ್ಡವರೆಲ್ಲ ಮಂಡಿಯೂರಿ ಮುತ್ತಿಡುವ ನೇರಳೆ ಅಂಚು, ಹೆಸ್ಪೆರಸ್ ಅತ್ತ ತಿರುಗಿ ಕಂಬ ನೋಡುತ್ತ ನಿಂತ, ಪಾಪ. ಆಮೇಲೆ ಪಟ ನೋಡಿದಳು, ನೋಡಬಾರದು ಎಂದುಕೊಂಡೇ ನೋಡಿದಳು — ಕತ್ತರಿಸಿದ ಕೂದಲು, ಮೊಂಡು ಗಡ್ಡ, ಹಣೆಯ ಮೇಲೆ ಎರಡು ಗೆರೆ, ಅಗಲ ಕಣ್ಣು, ಅಯ್ಯೋ ಇದು ನಮ್ಮ ಯಜಮಾನರ ಮುಖವಲ್ಲವೇ, ಹೌದು, ಗೋಡೆಯ ಮೇಲೆ ಇರುವುದೂ ಇದೇ ಮುಖ, ಸೆರ್ವಾಟಸನದು ಎಂದು ಇರುವುದೂ ಇದೇ, ಅಂತಿಯೋಕದಲ್ಲಿರುವ ಮೂಡಣದ ಕಿರಿಯ ದೊರೆಯದೂ ಇದೇ, ಯಾರು ಹೆಚ್ಚು ಯಾರು ಕಮ್ಮಿ ಎಂದು ಜನ ಹೋಲಿಸಬಾರದೆಂದು ನಾಲ್ವರಿಗೂ ಒಂದೇ ಮುಖ ಬರೆಯುವುದು ಪದ್ಧತಿ, ಪದ್ಧತಿ ಮಾಡಿದವನು ಅವಳ ಗಂಡನೇ. ವಿತಾಲಿಸನಿಗೆ ಕುದುರೆ ಒದ್ದು ಗದ್ದದ ಮೇಲಾಗಿದ್ದ ಗಾಯದ ಗುರುತು ಎಲ್ಲಿ, ಎಡಗಣ್ಣಿನ ಕೆಳಗಿನ ಮಚ್ಚೆ ಎಲ್ಲಿ, ಅವನಿಗೆ ಈಗ ಗಡ್ಡ ಬರುತ್ತಾ. ಎಲ್ಲಿ ಬರುತ್ತೆ ಅಮ್ಮಾವ್ರೆ, ಅಲ್ಲೊಂದು ಇಲ್ಲೊಂದು, ಆದ್ರೆ ಬರೆಯೋನು ಬಿಡ್ಲಿಲ್ಲ, ದೊರೆ ಅಂದ್ಮೇಲೆ ಗಡ್ಡ ಇರ್ಲೇಬೇಕು ಅಂದ. ಊಟ ಸರಿಯಾಗಿ ಮಾಡ್ತಾನಾ, ಮೀನಿನ ರಸ ಮುಟ್ತಿರ್ಲಿಲ್ಲ. ಈಗ್ಲೂ ಮುಟ್ಟಲ್ಲ, ಆದ್ರೆ ಎಲ್ರಿಗೂ ಬಡಿಸಿದ ಮೇಲೇ ತಾವು ತಿನ್ನೋದು ಅಮ್ಮಾವ್ರೆ, ಒಳ್ಳೊಳ್ಳೆ ತುಂಡೆಲ್ಲ ನಮಗೇ ಹಾಕ್ತಾರೆ, ಅದಕ್ಕೇ ಸೈನ್ಯದೋರಿಗೆ ಅವರಂದ್ರೆ ಪ್ರಾಣ. ಅವಳ ಒಳಗೆ ಏನೋ ಒಂದು ಮಗ್ಗುಲು ಬದಲಿಸಿತು, ಏನೆಂದು ನೋಡಲು ಹೋಗಲಿಲ್ಲ. ನಂಗೊಂದು ಮಾತು ಹೇಳಿ ಅಮ್ಮಾವ್ರೆ, ಪಟ ಸುಟ್ರೆ ಪಟದ ಜೊತೆ ತಂದೋನನ್ನೂ ಸುಡ್ತಾರಂತೆ, ನಿಜಾನಾ. ಯಾರಪ್ಪ ಹೇಳಿದ್ದು. ದಾರಿಯಲ್ಲಿ ಎಲ್ರೂ ಹೇಳಿದ್ರು, ಕುದುರೆ ಬದಲಾಯಿಸೋ ಪ್ರತಿ ಠಾಣೆಯಲ್ಲೂ. ಅವಳು ಬಟ್ಟಲನ್ನು ಮತ್ತೆ ಅವನ ಬಾಯಿಗೆ ಹಿಡಿದಳು, ಅವನಿಗೆ ಬಾಯಾರಿಕೆ ಇರಲಿಲ್ಲ, ಆದರೂ ಕುಡಿದ.

ಅಮ್ಮಾವ್ರೆ, ಯಜಮಾನರು ಕರೀತಿದಾರೆ, ಎಂದ ಹೆಸ್ಪೆರಸ್. ಡಾಸಿಯಸನ ಕೋಣೆಯಲ್ಲಿ ಮುಲಾಮಿನ ವಾಸನೆ, ಊದಿದ ಎಡಗಾಲನ್ನು ಕಾಲ್ಮಣೆಯ ಮೇಲೆ ಚಾಚಿ ಕೂತಿದ್ದಾನೆ, ಒಂದು ಪಕ್ಕದಲ್ಲಿ ಕೆಂಡದ ಅಗ್ಗಿಷ್ಟಿಕೆ, ಇನ್ನೊಂದು ಪಕ್ಕದಲ್ಲಿ ಮುಚ್ಚಳ ತೆಗೆದ ಪೆಟ್ಟಿಗೆ, ಅದರೊಳಗೆ ಮಡಿಸಿದ ನೇರಳೆ ಮೇಲುವಸ್ತ್ರ, ನಡುವೆ ಇವನು, ಓಲೆ ಬರೆಯುವವನೊಬ್ಬ ಗೋಡೆಗಂಟಿಕೊಂಡು ನಿಂತಿದ್ದಾನೆ. ನೋಡಿದ್ಯಾ. ನೋಡ್ದೆ. ಏನನ್ಸುತ್ತೆ. ನಿಮ್ಮ ಹಾಗೇ ಇದಾನೆ. ನನ್ ಹಾಗೇ ಇದಾನಂತೆ, ಎಂದು ಅವನು ಒಂದು ಗಳಿಗೆ ನಕ್ಕ, ಆಮೇಲೆ ಕಾಲು ನೋವಿಗೋ ಸಿಟ್ಟಿಗೋ ಹಲ್ಲು ಕಚ್ಚಿದ, ಕುದುರೆ ಮೇಲೆ ಕೂರೋದು ಹೇಳಿಕೊಟ್ಟೋನು ನಾನು, ಜ್ವರ ಬಂದಾಗ ಪಕ್ಕದಲ್ಲಿ ಕೂತೋಳು ನೀನು, ಒಂದು ಮಾತು ಕೇಳ್ಬಹುದಿತ್ತಲ್ಲ ಅವ್ನು, ಸೈನಿಕರು ಹೊದಿಸಿಬಿಟ್ರಂತೆ, ಬೇಡ ಬೇಡ ಅಂದ್ರೂ ಬಿಡ್ಲಿಲ್ವಂತೆ, ಈ ಕಥೆ ನಾನು ನೋಡದೇ ಇರೋದಾ, ನನ್ ಕಾಲದಿಂದ ಎಲ್ರೂ ಹೇಳೋದು ಇದೇ ಕಥೆ, ಬೇಡ ಅಂದೋನು ಓಡಿಹೋಗ್ತಾನೆ, ಪಟ ಬರೆಸ್ಕೊಂಡು ಕೂರಲ್ಲ. ಅವಳು ಅವನ ಕಾಲಿನ ಪಟ್ಟಿಯನ್ನು ಸಡಿಲಿಸಿ ಮತ್ತೆ ಸುತ್ತಿದಳು, ಕೈಗೆ ಕೆಲಸ ಸಿಕ್ಕರೆ ಇವನ ಮುಖ ನೋಡುವುದು ತಪ್ಪುತ್ತದೆ, ಕಾಲಿನ ಚರ್ಮ ಹೊಳೆಯುತ್ತಿದೆ, ಬೆರಳೊತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತದೆ, ಈ ಕಾಲಿನಲ್ಲಿ ಇವನು ಕುದುರೆ ಹತ್ತಿ ಗಾಲ್ ದೇಶದ ತನಕ ಹೋಗುತ್ತಾನಾ, ಹೋಗುತ್ತಾನೆ, ಹಟಕ್ಕೆ ಹೋಗುತ್ತಾನೆ, ಹೋದವನು ತಿರುಗಿ ಬರುವುದಿಲ್ಲ, ಅಥವಾ ಇವನು ಬಂದು ಅವನು ಹೋಗುತ್ತಾನೆ, ಕೋಲಿಗೆ ಸಿಕ್ಕಿಸಿದ ತಲೆ ಊರೂರು ಮೆರವಣಿಗೆ, ಗದ್ದದ ಮೇಲೆ ಗಾಯದ ಗುರುತು, ಎಡಗಣ್ಣಿನ ಕೆಳಗೆ ಮಚ್ಚೆ. ಇನ್ನೊಂದು ದಾರಿ ಇದೆ, ಎಂದ ಅವನು, ದನಿ ತಗ್ಗಿತ್ತು, ಸೆರ್ವಾಟಸ್ ಹಿರಿಯ ಆಗ್ಲಿ, ಅದು ಅವನ ನ್ಯಾಯ, ಇವನನ್ನ ಕಿರಿಯ ಅಂತ ಒಪ್ಕೋತೀನಿ, ಈ ಮೇಲುವಸ್ತ್ರ ನಾನೇ ಕಳಿಸ್ತೀನಿ, ಆಗ ನಾನೇ ಕೊಟ್ಟ ಹಾಗಾಗತ್ತೆ, ಅವ್ನು ತಗೊಂಡ ಹಾಗಾಗಲ್ಲ, ನಾಲ್ಕಕ್ಕೆ ನಾಲ್ಕು ಸರಿಹೋಗತ್ತೆ. ಒಳ್ಳೇದೇ ಆಯ್ತಲ್ಲ. ಒಳ್ಳೇದೇ, ಆದ್ರೆ ಉರ್ಸಿನಾ ಅವನ ಪಕ್ಕದ ಮನೆಯವಳಾಗ್ತಾಳೆ ಕಣೆ, ಅವಳೂ ಅವಳ ಗಂಡನೂ ಅವರ ಎಳೆಗೂಸೂ, ನಡುವೆ ಒಂದು ಬೆಟ್ಟ, ಅದಕ್ಕೇ ನಿನ್ನ ಕರೆಸಿದ್ದು, ಮಂತ್ರಿಗಳನ್ನ ಕೇಳಿದ್ರೆ ನನ್ ಮುಖ ನೋಡಿ ಹೇಳ್ತಾರೆ, ನೀನು ಸಾಕಿದೋಳು, ನೀನು ಹೇಳು, ಹಂಚ್ಕೊಂಡು ಬಾಳೋ ಹುಡುಗನಾ ಅವ್ನು.

ಹಂಚಿಕೊಂಡು ಬಾಳುವ ಹುಡುಗನಾ, ಎಂದರೆ — ಪಟ್ಟಿಯ ತುದಿ ಬೆರಳಿಗೆ ಸಿಕ್ಕುತ್ತಿಲ್ಲ — ಎಂದರೆ ಯಾಕೆ ಇದನ್ನು ನನ್ನನ್ನು ಕೇಳುತ್ತೀರಿ, ನಿಮ್ಮ ಪಟ್ಟದ ದಿನದ ಹಬ್ಬ ಅವತ್ತು, ಗಿಣ್ಣು ಜೇನು ಹಾಕಿ ನಾನೇ ಸುಟ್ಟ ರೊಟ್ಟಿಗಳು ಎರಡು, ಒಂದು ಮಕ್ಕಳಿಗೆ, ಒಂದು ಒಲೆಯ ಪಕ್ಕದ ಗೂಡಿನ ಮನೆದೇವರಿಗೆ, ದೇವರ ಪಾಲು ಬಟ್ಟೆ ಮುಚ್ಚಿಟ್ಟಿದ್ದೆ, ಮಕ್ಕಳ ರೊಟ್ಟಿಯನ್ನು ವಿತಾಲಿಸನ ಕೈಗೆ ಕೊಟ್ಟು ಎಲ್ರಿಗೂ ಹಂಚೋ ಎಂದೆ, ಅವನು ಮುರಿದು ಎಲ್ಲಕ್ಕಿಂತ ದೊಡ್ಡದನ್ನು ಉರ್ಸಿನಾಗೆ ಕೊಟ್ಟ, ಆಮೇಲಿನದನ್ನು ನಿಮ್ಮಣ್ಣನ ಮಗನಿಗೆ, ತನಗೆ ಪುಡಿ ಮಾತ್ರ ಉಳಿಸಿಕೊಂಡ, ನೀವು ಅವನ ತಲೆಯ ಮೇಲೆ ಕೈಯಿಟ್ಟು ಇವನ್ನ ನೋಡಿ ಕಲೀರೋ ಎಂದಿರಿ, ಇಡೀ ಮನೆ ಹೌದು ಹೌದು ಎಂದಿತು, ಮಕ್ಕಳು ರೊಟ್ಟಿ ಕಚ್ಚಿಕೊಂಡು ಅಂಗಳಕ್ಕೆ ಓಡಿದರು, ನೀವು ಹೊರಗೆ ಹೋದಿರಿ, ನಾನು ಉಪ್ಪು ತರಲು ಹೋಗಿ ಬಂದು ಪರದೆ ಸರಿಸಿದೆ. ಒಲೆಯ ಮುಂದೆ ಅವನೊಬ್ಬನೇ. ಗೂಡಿನ ಬಟ್ಟೆ ತೆಗೆದಿದೆ, ದೇವರ ರೊಟ್ಟಿ ಅವನ ಕೈಯಲ್ಲಿದೆ, ಗಾಬರಿಯಿಲ್ಲ ಕಳ್ಳತನದ ಅವಸರವಿಲ್ಲ, ಯಾರಿಗೆ ದೊಡ್ಡ ತುಂಡು ಸಿಕ್ಕಿದೆಯೋ ಅವರು ಯಾರೂ ಈ ಕಡೆ ನೋಡುವುದಿಲ್ಲ ಎಂದು ಗೊತ್ತಿದ್ದವನ ಹಾಗೆ ನಿಧಾನವಾಗಿ ತಿನ್ನುತ್ತಿದ್ದಾನೆ, ತಲೆಯೆತ್ತಿ ನನ್ನನ್ನು ನೋಡಿದ, ನಾನು ಬಾಯಿ ತೆರೆದೆ, ಅವನು ಉಳಿದ ರೊಟ್ಟಿಯನ್ನು ಎರಡು ಮಾಡಿ ದೊಡ್ಡ ತುಂಡನ್ನು ನನ್ನ ಕಡೆ ಚಾಚಿದ, ತಗೊ ಅಮ್ಮ. ಸಣ್ಣ ಕೈ, ಬೆರಳಿಗೆಲ್ಲ ಜೇನು. ನಾನು ತೆಗೆದುಕೊಂಡೆ. ತೆಗೆದುಕೊಂಡು ತಿಂದೆ, ಅಲ್ಲೇ ನಿಂತು, ಅವನ ಎದುರೇ, ಸಂಜೆ ಕೆಲಸದವಳು ದೇವರ ಪಾಲು ಎಲ್ಲಿ ಅಮ್ಮಾವ್ರೆ ಎಂದಾಗ ಇಲಿ ತಿಂದಿರ್ಬೇಕು ಎಂದೆ, ಅವನು ನನ್ನ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದ, ಕೂದಲಿಗೆ ಹೊಗೆಯ ವಾಸನೆ ಇತ್ತು, ನನಗೆ ಅವನ ಮೇಲೆ ಅಂಥ ಪ್ರೀತಿ ಅವತ್ತಿಗಿಂತ ಮೊದಲು ಬಂದಿರಲಿಲ್ಲ.

ಏನೇ, ಕೇಳಿದ್ದು ಕೇಳಿಸ್ತಾ. ಕೇಳಿಸಿತು, ಅವಳು ಪಟ್ಟಿಯ ಗಂಟು ಹಾಕುತ್ತಿದ್ದಾಳೆ, ಹೇಳಿಬಿಡಲೇ, ಹೇಳಿದರೆ ಈಗಲೇ ಆ ಹಲಗೆ ಈ ಕೆಂಡಕ್ಕೆ ಬರುತ್ತದೆ, ಹೊರಗೆ ಮೂಗು ಕೆರೆದುಕೊಳ್ಳಲಾಗದೆ ನಿಂತಿರುವ ಆ ಮನುಷ್ಯನೂ ಬರುತ್ತಾನೆ, ಈ ಮುದುಕ ಊದಿದ ಕಾಲಲ್ಲಿ ಕುದುರೆ ಹತ್ತುತ್ತಾನೆ, ನನ್ನ ಹುಡುಗ ಸಾಯುತ್ತಾನೆ, ಹೇಳದಿದ್ದರೆ ಇವತ್ತು ಯಾರೂ ಸಾಯುವುದಿಲ್ಲ, ಇವತ್ತು ಯಾರೂ ಸಾಯುವುದಿಲ್ಲ, ನಾಳೆ — ಉರ್ಸಿನಾ, ನಿನ್ನ ಕೂಸಿಗೆ ಹಲ್ಲು ಬಂತೇನೇ, ನಿನ್ನ ಗಂಡ ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಲೇ ಇದ್ದಾನೇನೇ, ಅವನು ಗಂಟಲು ಸರಿಮಾಡಿಕೊಂಡು ಮುಗಿಸುವಷ್ಟರಲ್ಲಿ ಪಕ್ಕದವನು ಬೆಟ್ಟ ಇಳಿದಿರುತ್ತಾನೆ, ಮೊದಲು ನಿನಗೆ ದೊಡ್ಡ ತುಂಡು ಕಳಿಸುತ್ತಾನೆ ನೋಡು, ಇಸ್ಪಾನಿಯಾ ಸೀಮೆ ನಿಮಗಿರಲಿ ಭಾವ, ಆಫ್ರಿಕಾ ನಿಮಗಿರಲಿ ಭಾವ ಅನ್ನುತ್ತಾನೆ, ಸೆರ್ವಾಟಸ್ ತಲೆಯೆತ್ತದೆ ತಿನ್ನುತ್ತಾನೆ, ಮಗಳೇ ನೀನಾದರೂ ತಲೆಯೆತ್ತಿ ನೋಡೇ. ಹೌದು ರೀ, ಎಂದಳು ಸೆಕುಂದಿನಾ. ಏನು ಹೌದು. ಹಂಚ್ಕೊಂಡು ತಿನ್ನೋ ಹುಡುಗ ಅವ್ನು, ಯಾವತ್ತೂ ಒಬ್ಬನೇ ತಿಂದೋನಲ್ಲ, ದೊಡ್ಡದು ಬೇರೆಯವರಿಗೇ ಕೊಡ್ತಿದ್ದ, ನೀವೇ ನೋಡಿದೀರಲ್ಲ. ಡಾಸಿಯಸನ ಮುಖ ಸಡಿಲವಾಯಿತು, ಅವನಿಗೆ ಬೇಕಾಗಿದ್ದುದು ಇದೇ ಮಾತು, ಬೆಳಗಿನಿಂದ ಅವನು ಇದನ್ನು ಹೇಳುವವರಿಗಾಗಿ ಕಾಯುತ್ತಿದ್ದ. ನೋಡಿದೀನಿ, ನೋಡಿದೀನಿ, ಎಂದ, ನಂಗೂ ಹಾಗೇ ಅನ್ನಿಸ್ತಿತ್ತು, ಬರ್ಕೊಳಯ್ಯ, ಕಿರಿಯ ಅಂತ ಬರ್ಕೊ, ನಾಲ್ಕನೆಯ ಹೆಸರು, ಕೊನೇದು, ಹೆಸ್ಪೆರಸ್, ಪಟ ಗೋಡೆಗೆ ಹಾಕ್ಸು, ಆ ಪೆಟ್ಟಿಗೆ ಮುಚ್ಚಿ ಕಳಿಸು. ಒಂದು ಗಳಿಗೆಗೆ ಮುಂಚೆ ಎಲ್ಲೂ ಇಲ್ಲದ ಆಸ್ಥಾನದವರೆಲ್ಲ ಹಜಾರದಲ್ಲಿ ತುಂಬಿಕೊಂಡರು, ಕೋಳಿಯ ಹಿಕ್ಕೆ ಮೆಟ್ಟಿದ ಪಾದರಕ್ಷೆಗಳಲ್ಲೇ, ನಾಲ್ವರು ದೊರೆಗಳಿಗೆ ಜಯವಾಗಲಿ ಎನ್ನುವ ಕೂಗು ಗೋಡೆ ದಾಟಿ ಬಂತು, ಮಾಟೂರಸನ ತೋಳು ಬಿಗಿದುಕೊಂಡು ಕೆಳಗೇ ಇಳಿಯುತ್ತಿಲ್ಲವಂತೆ, ಇಬ್ಬರು ಹಿಡಿದು ತಗ್ಗಿಸುತ್ತಿದ್ದಾರಂತೆ, ಅವನು ಅಳುತ್ತಲೂ ನಗುತ್ತಲೂ ಇದ್ದಾನಂತೆ.

ಬಾರೇ, ನೀನೂ ಬಂದು ನೋಡು, ಹೇಗೆ ಕಾಣುತ್ತೆ ನಾಲ್ಕೂ ಒಟ್ಟಿಗೆ, ಎನ್ನುತ್ತಿದ್ದಾನೆ ಡಾಸಿಯಸ್, ಕೋಲೂರಿ ಎದ್ದಿದ್ದಾನೆ, ಎಷ್ಟೋ ತಿಂಗಳ ಮೇಲೆ ತಾನಾಗಿಯೇ ಎದ್ದಿದ್ದಾನೆ, ಅವಳು ಏಳಬೇಕು, ಎದ್ದು ಹೋಗಬೇಕು, ಬರ್ತೀನಿ ರೀ ನಡೀರಿ, ಎಂದಳು, ಏಳಲಿಲ್ಲ, ಒಂದೇ ಮುಖ ನಾಲ್ಕು ಸಲ, ಅದನ್ನು ನೋಡಿ ಏನಾಗಬೇಕು, ಗಾಯದ ಗುರುತಿಲ್ಲದ ಮುಖ ಯಾರದಾದರೂ ಆಗಬಹುದು, ಉರ್ಸಿನಾಗೆ ಸುದ್ದಿ ಹೋಗುತ್ತದೆ, ಅವಳು ಖುಷಿಯಿಂದ ಕೈ ತಟ್ಟುತ್ತಾಳೆ, ಅವನಾ, ನಮ್ಮ ವಿತಾಲಿಸಾ, ಹಾಗಾದ್ರೆ ಭಯ ಇಲ್ಲ ಬಿಡಿ ಅನ್ನುತ್ತಾಳೆ, ಬಾಯಿ ತುಂಬ ರೊಟ್ಟಿ ಇರುತ್ತದೆ ಅವಳಿಗೆ, ಕೂಗು ಇನ್ನೂ ನಿಂತಿಲ್ಲ, ಕೆಂಡ ಬೂದಿಯಾಗುತ್ತಿದೆ, ಪೆಟ್ಟಿಗೆ ಹೋಯಿತು, ನೇರಳೆ ಹೋಯಿತು, ದಾರಿಯಲ್ಲಿದೆ, ಠಾಣೆಯಿಂದ ಠಾಣೆಗೆ, ಬೆಟ್ಟದ ಆಚೆ ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಾನೆ, ಕಣ್ಣಿಗೊತ್ತಿಕೊಳ್ಳುತ್ತಾನೆ, ಆಮೇಲೆ ತಲೆಯೆತ್ತಿ — ಪರದೆ ಸರಿಯುತ್ತದೆ — ತಲೆಯೆತ್ತಿ ನನ್ನನ್ನೇ ನೋಡುತ್ತಾನೆ, ಗಾಬರಿಯಿಲ್ಲ, ಸಣ್ಣ ಕೈ ಚಾಚಿದೆ, ಬೆರಳಿಗೆಲ್ಲ ಜೇನು, ದೊಡ್ಡ ತುಂಡು ನನ್ನ ಕಡೆಗೆ, ತಗೊ ಅಮ್ಮ, ಉರ್ಸಿನಾ ಅಂಗಳದಲ್ಲಿ ನಗುತ್ತಿದ್ದಾಳೆ, ಈ ಕಡೆ ನೋಡುತ್ತಿಲ್ಲ, ಸಣ್ಣ ಕೈ, ದೊಡ್ಡ ತುಂಡು, ತಗೊ ಅಮ್ಮ, ಸಣ್ಣ ಕೈ —